ಗುಂಡಿಪಟ್ಟಿ ದಾಟದ ಹಾವು

ನಮ್ಮ ಓಣಿಯ ಟೈಲರು ತೀರಿಕೊಂಡ ಮೇಲೆ ನನ್ನ ರವಿಕೆಗಳು ಅನಾಥವಾಗಿವೆ. ಹೊನ್ನಾವರದಲ್ಲಿ ಬೇರೆ ಟೈಲರುಗಳೇ ಇಲ್ಲವೆಂದಲ್ಲ. ಬಸ್ ಸ್ಟ್ಯಾಂಡಿನಿಂದ ಬಂದರಿಗೆ ಇಳಿಯುವಷ್ಟರಲ್ಲಿ ಕಾಲಿಗೆ ಎಡವುವಷ್ಟು ಜನ ಸಿಗುತ್ತಾರೆ. ಆದರೆ ಅವರೆಲ್ಲ ಹೇಳಿದ ದಿನಕ್ಕೆ ಹೊಲಿದು ಕೊಡುತ್ತಾರೆ, ಅಳತೆ ತೆಗೆಯುವಾಗ ಬಾಯಿ ಮುಚ್ಚಿಕೊಂಡಿರುತ್ತಾರೆ. ನನಗೆ ಅದು ರೂಢಿಯಿಲ್ಲ. ನಮ್ಮ ಟೈಲರು ತೋಳಿಗೆ ಟೇಪು ಸುತ್ತಿದೊಡನೆ, "ನರ್ಸಬಾಯಿ, ಚೌತಿ ಕಜ್ಜಾಯ ಎಲ್ಲ ಇಲ್ಲೇ ಬಂದು ಕೂತದೆ" ಎಂದು ಓಣಿಗೆಲ್ಲ ಕೇಳುವಂತೆ ಸಾರುತ್ತಿದ್ದರು. ಚೌತಿಗೆಂದು ಕೊಟ್ಟ ರವಿಕೆ ದೀಪಾವಳಿಗೆ ಬರುತ್ತಿತ್ತು. ಜಗಳಕ್ಕೆ ಹೋದರೆ, "ಅಷ್ಟರೊಳಗೆ ನೀವು ಇಳೀತ್ರಿ ಅಂತ ಕಾದೆ" ಎನ್ನುತ್ತಿದ್ದರು.

ನಾನು ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಊರೆಲ್ಲ ನನ್ನನ್ನು ಸಿಸ್ಟರ್ ಎಂದರೆ ಅವರೊಬ್ಬರು ಮಾತ್ರ ಅಜ್ಜಿಯ ಕಾಲದ ಹಾಗೆ ನರ್ಸಬಾಯಿ ಎನ್ನುತ್ತಿದ್ದರು. ನಾನೂ ಅವರ ಹೆಸರು ಹಿಡಿದು ಕರೆದವಳಲ್ಲ. ಅಂಗಡಿಯ ಬೋರ್ಡಿನ ಮೇಲಿದ್ದ ಹೆಸರನ್ನು ಉಪ್ಪುಗಾಳಿ ತಿಂದು ಹಾಕಿ, "ಟೈಲರ್" ಎಂಬುದಷ್ಟೇ ಉಳಿದಿತ್ತು. ಅಷ್ಟೇ ಸಾಕಾಗಿತ್ತು ಕೂಡ.

ಇಲ್ಲಿ ಬರೆಯಹೊರಟದ್ದು ಮುಖ್ಯವಾಗಿ ಅವರ ಟೇಪಿನ ವಿಷಯ. ಒಂದು ಹಾವನ್ನು ಅಳೆದು ಅವರಿಗೆ ಧೈರ್ಯ ಕೊಟ್ಟ ಅದೇ ಟೇಪು ಇನ್ನೊಂದು ಹಾವನ್ನು ಅಳೆದು ಅವರ ಹೆಂಡತಿಯ ಕಣ್ಣು ಕಳೆಯುವುದರಲ್ಲಿತ್ತು.

ಅಳತೆ ತೆಗೆಯುವಾಗ ಬಿಟ್ಟರೆ ಆ ಟೇಪು ಅವರ ಕುತ್ತಿಗೆಯಿಂದ ಇಳಿದದ್ದನ್ನು ನೋಡಿದವರಿಲ್ಲ. ಸ್ನಾನಕ್ಕೆ ಹೋಗುವಾಗ ಗೂಟಕ್ಕೆ ಹಾಕುತ್ತಿದ್ದರೆಂದು ಅವರ ಹೆಂಡತಿ ಹೇಳಿದ್ದರಿಂದ ನಂಬಿದ್ದೇನೆ. ಇಡಗುಂಜಿಗೆ ಹೋದಾಗಲೂ ಟೇಪು ಹಾಕಿಕೊಂಡೇ ದರ್ಶನದ ಸಾಲಿನಲ್ಲಿ ನಿಂತಿದ್ದರು. ಎದುರಿಗಿದ್ದ ಅಪರಿಚಿತನ ಬೆನ್ನು ತಟ್ಟಿ, "ನಿಮ್ಮ ಎಡಭುಜ ಇಳಿದದೆ. ಅಂಗಿ ಹೊಲಿದವ ನೋಡ್ಲೇ ಇಲ್ಲ" ಎಂದರಂತೆ. ಆತ ದೇವರ ಎದುರು ತನ್ನ ಭುಜವನ್ನೇ ಬೇಡಿಕೊಂಡಿರಬೇಕು. ಇನ್ನೊಮ್ಮೆ ನೆಂಟರ ಜೊತೆ ಗೋಕರ್ಣಕ್ಕೆ ಹೋದವರು ಓಂ ಬೀಚಿಗೂ ಇಳಿದಿದ್ದರು. ಅಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಿದ್ದ ವಿದೇಶದವರ ಉಡುಪು ಕಂಡು ಉಳಿದವರೆಲ್ಲ ಮುಖ ತಿರುಗಿಸಿದರೆ ಇವರು ಗಂಭೀರವಾಗಿ, "ಹೊಲಿದವ ಯಾರೋ, ಬಟ್ಟೆ ಚೆನ್ನಾಗಿ ಉಳಿಸಿಕೊಂಡಿದ್ದಾನೆ" ಎಂದರು. ಗಿರಾಕಿಯ ಬಟ್ಟೆ ಉಳಿಸಿಕೊಳ್ಳುತ್ತಾರೆಂಬ ಆರೋಪ ಜೀವಮಾನವಿಡೀ ಕೇಳಿದವರಿಗೆ ಮಾತ್ರ ಹೊಳೆಯುವ ಮಾತು ಅದು.

ಅವರ ಮಾತೊಂದಿತ್ತು, "ಅಳತೆ ಸುಳ್ಳು ಹೇಳೂದಿಲ್ಲ." ಅಂಗಿ ಬಿಗಿಯಾದರೂ ಸಡಿಲವಾದರೂ ತಪ್ಪು ಗಿರಾಕಿಯ ಮೈಯದೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಛೇಡಿಸಿದರೆ, "ನೆಲಾನೂ ಅಳೆದೇ ಹೇಳ್ತೆ" ಎನ್ನುತ್ತಿದ್ದರು.

ಅಂಗಡಿ ನಿಜವಾಗಿ ನಡೆಯುತ್ತಿದ್ದುದು ಅವರ ಹೆಂಡತಿಯ ಕಣ್ಣಿನ ಮೇಲೆ. ಶಿರಾಲಿ ಕಡೆಯವರು, ನಾನು ಅಕ್ಕ ಎನ್ನುತ್ತಿದ್ದೆ. ಟೈಲರು ಕತ್ತರಿಸಿ ಯಂತ್ರದಲ್ಲಿ ಹೊಲಿದರೆ ಮುಗಿಯಿತು. ಕಾಜಾ ಮಾಡುವುದು, ಗುಂಡಿ ಹಚ್ಚುವುದು, ಹುಕ್ಕು, ಸೀರೆಯ ಫಾಲು, ಕೈಹೊಲಿಗೆ ಎಲ್ಲ ಅಕ್ಕನದು. ಗುಂಡಿ ತೂರುವ ರಂಧ್ರದ ಸುತ್ತ ಅಕ್ಕ ಹಾಕುತ್ತಿದ್ದ ಹೊಲಿಗೆ ಎಷ್ಟು ಒತ್ತೊತ್ತಾಗಿರುತ್ತಿತ್ತೆಂದರೆ ಅಂಗಿ ಹರಿದು ನೆಲ ಒರೆಸಲು ಹೋದರೂ ಕಾಜಾ ಹಾಗೇ ಇರುತ್ತಿತ್ತು. ಟೈಲರಿಗೆ ಹತ್ತಿರದ್ದು ಕಾಣದೆ ವರ್ಷಗಳಾಗಿದ್ದವು. ಅಕ್ಕ ಒಂದೇ ಸಲಕ್ಕೆ ಸೂಜಿಗೆ ದಾರ ಹಾಕುವುದನ್ನು ಅವರು ಬಂದವರಿಗೆಲ್ಲ ತನ್ನದೇ ಸಾಧನೆಯೆಂಬಂತೆ ತೋರಿಸುತ್ತಿದ್ದರು. ಅಕ್ಕ ಮಾತು ಕಡಿಮೆ. ಆಡಿದರೆ ಒಂದು ಹೊಲಿಗೆ, ಅದೂ ಗಂಟು ಹಾಕಿದ್ದು.

ನಾಲ್ಕೈದು ವರ್ಷದ ಹಿಂದೆ, ನಾನಿನ್ನೂ ಸರ್ವಿಸ್ಸಿನಲ್ಲಿದ್ದಾಗ, ಟೈಲರಿಗೆ ಎಡಪಕ್ಕೆಯಲ್ಲಿ ಉರಿನೋವು ಶುರುವಾಯಿತು. ಮೊದಲು ಗ್ಯಾಸು ಎಂದುಕೊಂಡು ಓಮ ಜಗಿದರು. ಆಮೇಲೆ ಹಾರ್ಟು ಎಂದುಕೊಂಡು ಅಂಗಡಿಗೆ ಬಂದವರ ಹತ್ತಿರ ಬೀಳ್ಕೊಡುಗೆಯ ಮಾತಾಡತೊಡಗಿದರು. ಎರಡು ದಿನ ಕಳೆದು ಬೆನ್ನಿನಿಂದ ಎದೆಯ ಕಡೆಗೆ ಸಾಲಾಗಿ ನೀರುಗುಳ್ಳೆ ಎದ್ದಾಗ ಓಣಿಗೆಲ್ಲ ಗೊತ್ತಾಯಿತು, ಸರ್ಪಸುತ್ತು.

ಸರ್ಪಸುತ್ತು ಎಂದಮೇಲೆ ನಮ್ಮ ಕಡೆ ಕೇಳುವುದೇ ಬೇಡ. ಹಾವು ಮೈಯನ್ನು ಸುತ್ತುತ್ತ ಹೋಗಿ ತಲೆಯೂ ಬಾಲವೂ ಸೇರಿದರೆ ಆಸಾಮಿ ಹೋದ ಎಂದು ಎಲ್ಲರಿಗೂ ಗೊತ್ತು. ಯಾವಾಗ ಯಾವ ಹಾವಿಗೆ ಏನು ಮಾಡಿದ್ದರು ಎಂಬ ವಿಚಾರಣೆಯೂ ನಡೆಯಿತು. ಟೈಲರು ಬಾಲ್ಯದಿಂದ ಹಾವು ಕಂಡರೆ ಓಡಿದವರೇ ಹೊರತು ನಿಂತವರಲ್ಲ ಎಂದು ಅಕ್ಕ ಸಾಕ್ಷಿ ಹೇಳಿದ ಮೇಲೆ ಆ ವಿಚಾರ ಬಿದ್ದುಹೋಯಿತು. ಶಿರಾಲಿಯಿಂದ ಅಕ್ಕನ ಅಣ್ಣ ಸರ್ಪಸುತ್ತಿಗೆ ನಾಟಿ ಔಷಧ ಮಾಡುವ ಒಬ್ಬ ಮುದುಕರನ್ನು ಕರೆತಂದರು. ಅವರು ಕೆಮ್ಮಣ್ಣು ಕಲಸಿ, ಗುಳ್ಳೆಗಳ ಸುತ್ತ ಬಳಿದು, ಹಾವಿನ ತಲೆ ಇರುವಲ್ಲಿ ದಾರಿ ಕಟ್ಟಲು ಗರುಡನ ಚಿತ್ರ ಬರೆದರು. ಮುದುಕರ ಕೈ ನಡುಗುತ್ತಿತ್ತು. ಅಕ್ಕ ಬಹಳ ಹೊತ್ತು ಚಿತ್ರ ನೋಡಿ, "ಹ್ವಾಯ್, ಕೋಳಿಗೆ ಹಾವು ಹೆದರ್ತದಾ?" ಎಂದರು.

ಟೈಲರಿಗೆ ಗರುಡನಿಗಿಂತ ಟೇಪಿನ ಮೇಲೆ ನಂಬಿಕೆ. ದಿನವೂ ಬೆಳಿಗ್ಗೆ ಎದ್ದು ಕೈಯೆತ್ತಿ ನಿಲ್ಲುವರು, ಅಕ್ಕ ಹಾವಿನ ತಲೆಯಿಂದ ಬಾಲದವರೆಗೆ ಖಾಲಿ ಉಳಿದ ಜಾಗವನ್ನು ಅಳೆಯಬೇಕು. ಹಾಲು ಹಾಕುವವರು, ಮೀನು ಮಾರುವವರು, ಬ್ಯಾಂಕಿಗೆ ಹೋಗುವವರು ಎಲ್ಲರೂ ಅಂಗಡಿಯ ಮುಂದೆ ನಿಂತು, "ಇವತ್ತು ಎಷ್ಟು ಉಳಿದದೆ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಒಂದು ದಿನ ಅಳತೆ ಅರ್ಧ ಇಂಚು ಕಡಿಮೆ ಬಂತು. ಟೈಲರು ಕುರ್ಚಿಯಲ್ಲಿ ಕುಸಿದು ಕೂತರು. ನಾನು ಡ್ಯೂಟಿ ಮುಗಿಸಿ ಬರುವಾಗ ಅವರ ಮುಖ ನೋಡಿ ನಿಜವಾಗಿ ಕನಿಕರವಾಯಿತು. ಅಂಗಡಿಯೊಳಗೆ ಹೋಗಿ, ತೂಗುಹಾಕಿದ್ದ ಒಂದು ಅಂಗಿ ಇಳಿಸಿ ಮೇಜಿನ ಮೇಲೆ ಹರಡಿದೆ.

"ಟೈಲರೆ, ಇಲ್ಲಿ ನೋಡಿ. ಸಣ್ಣವರಿದ್ದಾಗ ನಿಮ್ಮ ಮೈಮೇಲೆ ಅಮ್ಮ ಬಂದಿತ್ತಾ, ಸೀತಾಳೆ ಸಿಡುಬು?"

"ಬಂದಿತ್ತು. ಹದಿನೈದು ದಿನ ಶಾಲೆ ತಪ್ಪಿತ್ತು. ಒಳ್ಳೆ ದಿನ."

"ಆ ರೋಗದ ವಿಷ ಅವತ್ತೇ ಪೂರಾ ಹೋಗ್ಲಿಲ್ಲ. ಬೆನ್ನುಹುರಿ ಪಕ್ಕ ನರದ ಬುಡದಲ್ಲಿ ಮಲಗಿತ್ತು. ಈಗ ನಿಮಗೆ ವಯಸ್ಸಾತು, ತಾಕತ್ತು ಕಡಿಮೆ ಆತು, ಅದು ಎದ್ದು ಒಂದು ನರ ಹಿಡಿದು ಹೊರಟದೆ. ಬೆನ್ನುಹುರಿ ಅಂದ್ರೆ ಅಂಗಿ ಬೆನ್ನಿನ ನಡುಹೊಲಿಗೆ ಅಂತ ತಿಳ್ಕೊಳ್ಳಿ."

"ಅಂಗಿಗೆ ಬೆನ್ನಲ್ಲಿ ನಡುಹೊಲಿಗೆ ಇರೂದಿಲ್ಲ ನರ್ಸಬಾಯಿ. ಕೋಟಿಗೆ ಇರ್ತದೆ."

"ಆತು, ಕೋಟೇ ಅನ್ನಿ. ಆ ಹೊಲಿಗೆಯಿಂದ ಎಡಕ್ಕೊಂದು ಬಲಕ್ಕೊಂದು ನರ ಹೊರಡ್ತದೆ. ಪಕ್ಕೆಲುಬಿನ ಅಡಿಗೆ ಬಗ್ಗಿ ಎದೆಗೆ ಬಂದು ಗುಂಡಿಪಟ್ಟಿ ಹತ್ರ ನಿಲ್ತದೆ. ಎಡಗಡೆ ದಾರ ಬಲಗಡೆ ತುಂಡಿಗೆ ಹೋಗೂದಿಲ್ಲ. ನಿಮ್ಮ ಹಾವು ಎಡಗಡೆ ನರದ್ದು. ಗುಂಡಿಪಟ್ಟಿ ದಾಟೂದಿಲ್ಲ."

ಟೈಲರು ಟೇಪು ಹಿಡಿದು ತಮ್ಮ ಎದೆಯನ್ನೊಮ್ಮೆ, ಅಂಗಿಯನ್ನೊಮ್ಮೆ ನೋಡಿದರು. "ಹಾಂಗಾರೆ ತಲೆ ಬಾಲ ಸೇರೂದೇ ಇಲ್ಲ?"

"ಇಲ್ಲ."

"ಇದನ್ನ ಮೊದಲನೇ ದಿನ ಹೇಳೂಕೆ ನಿಮಗೆ ಎಂತ ಆಗಿತ್ತು?"

ಮೊದಲನೆಯ ದಿನ ಅವರು ನನ್ನ ಹತ್ತಿರ ಬಂದಿರಲೇ ಇಲ್ಲ, ಮುದುಕರನ್ನು ಕರೆಸಿದ್ದರು. ಅದನ್ನು ನುಂಗಿಕೊಂಡು ನಾನು ಉಳಿದದ್ದನ್ನೂ ಹೇಳಿದೆ. ಹೆಚ್ಚಾಗಿ ಇದು ಹಿಡಿಯುವುದು ಎದೆ ಬೆನ್ನಿನ ನರಗಳನ್ನೇ. ಅದು ಬಿಟ್ಟರೆ ಮುಖದ ನರ, ಅದರಲ್ಲೂ ಹಣೆಗೆ ಮತ್ತು ಕಣ್ಣಿಗೆ ಹೋಗುವ ಕವಲು. ಕುತ್ತಿಗೆಗೂ ಸೊಂಟಕ್ಕೂ ಬರುವುದುಂಟು. ಕಿವಿಯ ಹತ್ತಿರ ಬಂದರೆ ಬಾಯಿ ಸೊಟ್ಟಗಾಗಬಹುದು. ಎಲ್ಲೇ ಬರಲಿ, ಗುಳ್ಳೆ ಎದ್ದ ಎರಡು ಮೂರು ದಿನದೊಳಗೆ ಮಾತ್ರೆ ಶುರುವಾಗಬೇಕು. ಹಣೆಗೆ ಬಂದರೆ ಕಣ್ಣಿನ ಡಾಕ್ಟರಿಗೆ ತೋರಿಸದೆ ಬಿಡಲೇಬಾರದು. ಟೈಲರು ತಲೆಯಾಡಿಸುತ್ತಲೇ ಇದ್ದರು. ಆದರೆ ಅವರ ಕಿವಿ ಗುಂಡಿಪಟ್ಟಿಯ ಹತ್ತಿರವೇ ನಿಂತುಬಿಟ್ಟಿತ್ತೆಂದು ನನಗೆ ತಿಳಿದದ್ದು ಬಹಳ ಆಮೇಲೆ.

ಡಾಕ್ಟರು ಕೊಟ್ಟ ಮಾತ್ರೆ ನುಂಗಿದರು, ಕೆಮ್ಮಣ್ಣನ್ನೂ ಬಿಡಲಿಲ್ಲ. ಗುಳ್ಳೆ ಒಣಗಿತು. ಕೀರ್ತಿ ಟೇಪಿಗೆ ಹೋಯಿತು.

ಗುಳ್ಳೆ ಒಣಗಿದರೂ ನೋವು ಹೋಗಲಿಲ್ಲ. ನರ ಒಮ್ಮೆ ಕೆರಳಿದರೆ ಚರ್ಮಕ್ಕೆ ಹತ್ತಿಬಟ್ಟೆ ಸೋಕಿದರೂ ಬೆಂಕಿ ಇಟ್ಟಂತಾಗುತ್ತದೆ. ಹೀಗಾಗಿ ಊರಿಗೆಲ್ಲ ಬಟ್ಟೆ ಹೊಲಿಯುವ ಮನುಷ್ಯ ತಾನು ಬಟ್ಟೆ ಹಾಕಲಾರದೆ ತಿಂಗಳುಗಟ್ಟಲೆ ಬರಿಮೈಯಲ್ಲಿ ಕೂತರು. ಗಂಡಸರಿಗೆ ಅದೇನೂ ದೊಡ್ಡದಲ್ಲ, ನಮ್ಮ ಕಡೆ ಅರ್ಧ ಊರು ಹಾಗೇ ಇರುತ್ತದೆ. ಆದರೆ ರವಿಕೆ ಅಳತೆಗೆ ಬಂದ ಹೆಂಗಸರು ಬಾಗಿಲಲ್ಲೇ ನಿಂತು ತಿರುಗಿ ಹೋಗತೊಡಗಿದರು. ಅಕ್ಕ ಯಂತ್ರದ ಎದುರು ಒಂದು ಹಳೆಯ ಸೀರೆ ಅಡ್ಡ ಕಟ್ಟಿದರು. ಅಳತೆಯನ್ನು ಈಚೆ ಅಕ್ಕ ತೆಗೆಯುವುದು, ಆಚೆಯಿಂದ ಟೈಲರು ಟೀಕೆ ಮಾಡುವುದು. ಕಾಣದೆಯೇ ಟೀಕೆ ಹೇಗೆ ಮಾಡುತ್ತಾರೆಂದು ಕೇಳಿದರೆ, "ದನಿಯಲ್ಲೇ ಸೊಂಟ ಗೊತ್ತಾಗ್ತದೆ" ಎಂದರು.

ಅಷ್ಟರಲ್ಲಿ ಭಟ್ಕಳದಲ್ಲಿ ಹತ್ತಿರದ ನೆಂಟರ ಮದುವೆ ಬಂತು. ಬರಿಮೈಯಲ್ಲಿ ಹೋಗುವಂತಿಲ್ಲ, ಅಂಗಿ ಹಾಕುವಂತಿಲ್ಲ. ಟೈಲರು ಹೊಸ ರೇಷ್ಮೆ ಅಂಗಿ ಹೊಲಿದು, ಎಡಪಕ್ಕೆ ಬರುವಲ್ಲಿ ಬಟ್ಟೆಯನ್ನು ಕಿಟಕಿಯ ಹಾಗೆ ಕತ್ತರಿಸಿ ತೆಗೆದು, ಅಂಚಿಗೆ ಅಕ್ಕನಿಂದ ಕೈಹೊಲಿಗೆ ಹಾಕಿಸಿ, ಮೇಲೆ ಶಾಲು ಹೊದ್ದು ಹೋದರು. ಊಟದ ಪಂಕ್ತಿಯಲ್ಲಿ ಶಾಲು ಜಾರಿತು. ಪಕ್ಕದಲ್ಲಿದ್ದ ಹುಡುಗನೊಬ್ಬ ಕಿಟಕಿಯೊಳಗೆ ಇಣುಕಿ, "ಇದೆಲ್ಲಿ ಸಿಗ್ತದೆ ಮಾವ?" ಎಂದು ಕೇಳಿದನಂತೆ. "ಹೊನ್ನಾವರದಲ್ಲಿ. ಸುಮ್ನೆ ಸಿಗೂದಿಲ್ಲ. ಮೊದಲು ಹಾವು ಹಿಡೀಬೇಕು" ಎಂದು ಟೈಲರು ಹೋಳಿಗೆ ಮುರಿದರು.

ಆ ಮದುವೆಯಿಂದ ಅವರ ಕೀರ್ತಿ ಭಟ್ಕಳಕ್ಕೂ ಕುಮಟೆಗೂ ಹಬ್ಬಿತು. ಸರ್ಪಸುತ್ತಾದವರು ಅಂಗಡಿಗೆ ಬರತೊಡಗಿದರು. ಟೈಲರು ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಗುರುತು ಹಾಕುವ ಸೀಮೆಸುಣ್ಣದಿಂದ ಬೆನ್ನ ನಡುವೆ ಒಂದು ಗೆರೆ, ಎದೆಯ ನಡುವೆ ಒಂದು ಗೆರೆ ಎಳೆದು, ಟೇಪು ಹಿಡಿದು, "ಇಲ್ಲಿಂದ ಹೊರಟದೆ, ಇಲ್ಲಿಗೆ ನಿಲ್ತದೆ. ಗುಂಡಿಪಟ್ಟಿ ದಾಟೂದಿಲ್ಲ. ಹೆದರಬೇಡ. ಇವತ್ತೇ ಹೋಗಿ ಮಾತ್ರೆ ತಕೋ" ಎಂದು ಕಳಿಸುತ್ತಿದ್ದರು. ಮೈಮೇಲೆ ಸೀಮೆಸುಣ್ಣದ ಗೆರೆಯಿದ್ದವರು ಬಂದರೆ ನಮ್ಮ ಡಾಕ್ಟರು, "ಸಿಸ್ಟರ್, ನಿಮ್ಮ ಟೈಲರ್ ಕಟಿಂಗ್ ಮಾಡಿ ಕಳಿಸಿದ್ದಾರೆ, ನಾವು ಹೊಲಿಯೋದಷ್ಟೇ ಬಾಕಿ" ಎನ್ನುತ್ತಿದ್ದರು. ನಗುವ ವಿಷಯವೇ, ಆದರೆ ಎಷ್ಟೋ ಜನರ ಜೀವಭಯ ಬಿಡಿಸಿ ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ದಾಟಿಸಿದ್ದಾರೆ. ಅದಕ್ಕಾಗಿ ನನಗೆ ಅವರ ಮೇಲೆ ಹೆಮ್ಮೆಯೂ ಇತ್ತು.

ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಎರಡು ವರ್ಷದ ಹಿಂದೆ ನಾನು ತಂಗಿಯ ಮನೆಗೆಂದು ಭಟ್ಕಳಕ್ಕೆ ಹೋಗಿದ್ದೆ. ಆ ವಾರದಲ್ಲಿ ಅಕ್ಕನಿಗೆ ಬಲಹಣೆ ಸಿಡಿಯತೊಡಗಿತು. ಕೂದಲ ಅಂಚಿನಲ್ಲಿ ನಾಲ್ಕು ಗುಳ್ಳೆ ಎದ್ದವು. ಟೈಲರು ಕನ್ನಡಕ ಏರಿಸಿ ಟೇಪು ಇಟ್ಟು ನೋಡಿದರು. ನಾಲ್ಕು ಬೆರಳಗಲವೂ ಇಲ್ಲ.

"ಸುತ್ತೂಕೆ ಜಾಗವೇ ಇಲ್ಲ. ತಲೆ ಬಾಲ ಎಂತದೂ ಇಲ್ಲ. ಇದು ಹಾವಲ್ಲ, ಎರೆಹುಳ" ಎಂದು ತೀರ್ಪು ಕೊಟ್ಟರು. ಎದೆಯ ಮೇಲಿನ ಹಾವಿಗೆ ಊರು ಸೇರಿಸಿದ ಮನುಷ್ಯ ಹೆಂಡತಿಯ ಹಣೆಯ ಮೇಲಿನದಕ್ಕೆ ಶ್ರೀಗಂಧ ತೇಯ್ದು ಹಚ್ಚಿ ಸುಮ್ಮನಾದರು. ಮಾರನೆಯ ದಿನ ಅಕ್ಕ, "ಹ್ವಾಯ್, ಕಣ್ಣಿಗೆ ಬೆಳಕು ಚುಚ್ತದೆ" ಎಂದರು. ಟೈಲರು ಅಂಗಡಿಯ ಬಲ್ಬು ಬದಲಿಸಿ ಸಣ್ಣದು ಹಾಕಿದರು.

ನಾನು ಊರಿಗೆ ಮರಳಿದ ದಿನ ಅಂಗಡಿಯ ಮುಂದೆ ಹಾದು ಹೋಗುತ್ತ ನೋಡಿದರೆ, ಅಕ್ಕ ಬಲಗಣ್ಣಿಗೆ ಸೆರಗು ಒತ್ತಿಕೊಂಡು ಒಂದೇ ಕಣ್ಣಲ್ಲಿ ಕಾಜಾ ಮಾಡುತ್ತಿದ್ದಾರೆ. ಸೆರಗು ತೆಗೆಸಿದೆ. ರೆಪ್ಪೆ ಊದಿತ್ತು, ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಮೂಗಿನ ತುದಿಯಲ್ಲಿದ್ದ ಒಂದು ಪುಟ್ಟ ಗುಳ್ಳೆ.

"ಟೈಲರೆ, ಅಂಗಡಿ ಮುಚ್ಚಿ. ಈಗಲೇ ಕುಮಟೆಗೆ ಕಣ್ಣಿನ ಡಾಕ್ಟರ ಹತ್ರ ಹೋಗಬೇಕು."

"ಎಂತಕ್ಕೆ? ನಾ ಅಳೆದು ನೋಡಿದೆ. ನಾಲ್ಕು ಬೆರಳೂ ಇಲ್ಲ."

"ಮೂಗಿನ ಮೇಲಿನದು ಅಳೆದ್ರಾ?"

"ಅದು ಬೆವರುಗುಳ್ಳೆ. ನರ್ಸಬಾಯಿ, ಅಳತೆ ಸುಳ್ಳು..."

ನನಗೆ ರೇಗಿಹೋಯಿತು. ಬೈದರೆ ಹೊತ್ತು ಹೋಗುತ್ತದೆ, ಹೇಳಿದರೆ ತಲೆಗೆ ಹೋಗುವುದಿಲ್ಲ. ಮೇಜಿನ ಮೇಲೆ ಮಗುವಿನ ಫ್ರಾಕೊಂದು ಅರ್ಧ ಹೊಲಿದು ಬಿದ್ದಿತ್ತು. ನೆರಿಗೆ ಹಿಡಿಯಲೆಂದು ಸೊಂಟದುದ್ದಕ್ಕೂ ಸಡಿಲ ಹೊಲಿಗೆ ಹಾಕಿ, ದಾರದ ತುದಿಯನ್ನು ಪಕ್ಕದಲ್ಲಿ ಹೊರಗೆ ಬಿಟ್ಟಿದ್ದರು. ನಾನು ಆ ತುದಿ ಹಿಡಿದು ಎಳೆದೆ. ಸೊಂಟವೆಲ್ಲ ಸುರುಟಿ ಮುದ್ದೆಯಾಯಿತು.

"ನಾನು ಎಳೆದದ್ದು ಇಲ್ಲಿ. ನೆರಿಗೆ ಬಿದ್ದದ್ದೆಲ್ಲಿ?"

ಟೈಲರು ದಾರದ ತುದಿಯಿಂದ ನೆರಿಗೆಯವರೆಗೆ ಕಣ್ಣು ಹಾಯಿಸಿದರು.

"ಕಣ್ಣೊಳಗೆ ಹೋಗೂ ನರದ ಒಂದು ತುದಿ ಮೂಗಿನ ತುದಿಗೆ ಬಂದದೆ. ಗುಳ್ಳೆ ಎದ್ದದ್ದು ಈ ತುದಿಯಲ್ಲಿ. ಆ ತುದಿಯಲ್ಲಿ ಎಂತ ಆಗಿರ್ತದೆ, ನೀವೇ ಹೇಳಿ. ಇದನ್ನ ಇಂಚಿನಲ್ಲಿ ಅಳೀಬೇಡಿ. ದಾರ ಎಲ್ಲಿಗೆ ಹೋಗ್ತದೆ ಅಂತ ನೋಡಿ."

ಮನುಷ್ಯ ಬಣ್ಣಗೆಟ್ಟುಹೋದರು. ಯಂತ್ರದ ಮೇಲೆ ಹೊದಿಕೆ ಎಳೆದು, ಸಿಕ್ಕಿದ ಅಂಗಿ ಹಾಕಿಕೊಂಡು, ಹೆಂಡತಿಯ ಕೈ ಹಿಡಿದು ರಸ್ತೆಗಿಳಿದರು. ಓಣಿಯಲ್ಲಿ ಅವರು ಅಕ್ಕನ ಕೈ ಹಿಡಿದದ್ದನ್ನು ನಾವು ಯಾರೂ ಅದುವರೆಗೆ ಕಂಡಿರಲಿಲ್ಲ. ನಮ್ಮ ಡಾಕ್ಟರಿಗೆ ಫೋನು ಮಾಡಿ ಕೇಳಿ, ಮೊದಲ ಮಾತ್ರೆಯನ್ನು ಮೆಡಿಕಲ್ ಅಂಗಡಿಯ ಎದುರೇ ನುಂಗಿಸಿ, ಮೂವರೂ ಕುಮಟೆಯ ಟೆಂಪೋ ಹತ್ತಿದೆವು. ಹತ್ತಿದ ಮೇಲೆ ನೋಡುತ್ತೇನೆ, ಟೈಲರು ಅಂಗಿಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡಿದ್ದಾರೆ. ಹೊಲಿಗೆಗಳೆಲ್ಲ ಹೊರಗೆ. ಟೆಂಪೋದವನು ತೋರಿಸಿಯೂ ತೋರಿಸಿದ. "ಇರ್ಲಿ" ಎಂದರು. ದಾರಿಯಲ್ಲಿ ಹೋಗುವವರ ಅಂಗಿಯ ತಪ್ಪು ಹಿಡಿಯುತ್ತಿದ್ದ ಮನುಷ್ಯ ಇರ್ಲಿ ಎಂದದ್ದು ಕೇಳಿ ನನಗೇ ಹೆದರಿಕೆಯಾಯಿತು.

ಅರ್ಧ ದಾರಿಯಲ್ಲಿ ಮೆಲ್ಲಗೆ ಕೇಳಿದರು, "ನರ್ಸಬಾಯಿ, ನನ್ನ ಹಾವೇ ಇವಳಿಗೆ ದಾಟಿತಾ?"

ಇಲ್ಲ, ಹಾಗೆ ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಬರುವುದಿಲ್ಲ, ಅವರವರ ಬಾಲ್ಯದ ಸಿಡುಬಿನದೇ ಅದು ಎಂದೆ. ಸೆರಗಿನೊಳಗಿಂದ ಅಕ್ಕ ಹೇಳಿದರು, "ನಿಮ್ಮದಲ್ಲ ಮಾರಾಯ್ರೆ. ಇದೊಂದಾದ್ರೂ ನನ್ನ ಸ್ವಂತದ್ದು ಇರ್ಲಿ."

ಕಣ್ಣಿನ ಡಾಕ್ಟರು ಹತ್ತಿಯ ಒಂದು ಎಳೆ ತೆಗೆದು ಕಣ್ಣಿಗೆ ಸೋಕಿಸಿ ನೋಡಿದರು. ಹಳದಿ ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಕಪ್ಪುಗುಡ್ಡೆಯ ಮೇಲೆ ಗಾಯ ಬಿದ್ದಿದೆ, ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು, ಈಗಲೂ ದೃಷ್ಟಿ ಪೂರ್ತಿ ಮರಳುತ್ತದೆಂದು ಖಾತ್ರಿ ಹೇಳಲಾರೆ ಎಂದರು. ಟೈಲರ ಬಾಯಿಂದ ರೂಢಿಬಲದಿಂದ, "ಎಷ್ಟು ಇಂಚು ಬಂದದೆ ಡಾಕ್ಟ್ರೆ?" ಎಂದು ಬಂದುಬಿಟ್ಟಿತು. ಡಾಕ್ಟರು ಔಷಧದ ಚೀಟಿ ಬರೆಯತೊಡಗಿದರು. ಟೈಲರು ತಾವೇ ಕುತ್ತಿಗೆಯ ಟೇಪು ತೆಗೆದು, ಸುತ್ತಿ, ಕಿಸೆಗೆ ಹಾಕಿದರು. ಟೇಪಿಲ್ಲದ ಅವರ ಕುತ್ತಿಗೆ ನಾನು ಕಂಡದ್ದು ಆಗಲೇ. ಬಡಪಾಯಿ ಕುತ್ತಿಗೆ. ನನಗೆ ಅಳು ಬಂತು.

ಆಮೇಲಿನ ವಾರಗಳಲ್ಲಿ ಅಕ್ಕ ಕಪ್ಪು ಕನ್ನಡಕ ಹಾಕಿ ಕೂತರೆ ಟೈಲರು ಹೊತ್ತು ಹೊತ್ತಿಗೆ ಹನಿ ಬಿಡುವುದು, ಮಾತ್ರೆ ಕೊಡುವುದು, ಗಂಜಿ ಬೇಯಿಸುವುದು. ಕಾಜಾವೂ ಅವರ ಪಾಲಿಗೇ ಬಂತು. ಅವರ ಕಾಜಾ ನೋಡಿ ಊರು ಬೆಚ್ಚಿಬಿದ್ದಿತು. ಒಂದು ಕಾಜಾ ಹೆಬ್ಬೆರಳು ತೂರುವಷ್ಟು ದೊಡ್ಡದು, ಇನ್ನೊಂದರಲ್ಲಿ ಗುಂಡಿಯೇ ತೂರದು. ಬ್ಯಾಂಕಿನವರೊಬ್ಬರು ಅಂಗಿ ಹಾಕಿಕೊಂಡರೆ ಒಂದು ಕಡೆ ಮೇಲೆ ಒಂದು ಕಡೆ ಕೆಳಗೆ. ಅವರು ದೂರು ತಂದರೆ ಟೈಲರು, "ನಿಮ್ಮ ಎಡಭುಜ..." ಎಂದು ಶುರು ಮಾಡಿ, ಯಾಕೋ ಸುಮ್ಮನಾಗಿ, "ಬಿಚ್ಚಿ ಕೊಡಿ, ಇನ್ನೊಮ್ಮೆ ಮಾಡ್ತೆ" ಎಂದರು.

ದಿನವೂ ಬೆಳಿಗ್ಗೆ ಒಂದು ಪರೀಕ್ಷೆ. ಅಕ್ಕನ ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿ, ದಾರ ಹಾಕಿದ ಸೂಜಿ ಎತ್ತಿ ಹಿಡಿದು, "ದಾರ ಯಾವ ಬಣ್ಣ?" ಎಂದು ಕೇಳುವರು. ಅಕ್ಕ "ಮಸುಕು" ಎನ್ನುವರು. ಟೈಲರು ನಿಟ್ಟುಸಿರು ಬಿಟ್ಟು ಕೆಲಸಕ್ಕೆ ಕೂರುವರು. ಕೊನೆಯ ತಪಾಸಣೆಗೆ ಅಕ್ಕ ಶಿರಾಲಿಯ ಅತ್ತಿಗೆಯ ಜೊತೆ ಕುಮಟೆಗೆ ಹೋಗಿ ಬಂದು, "ಸೂಕ್ಷ್ಮ ಕೆಲಸ ಮಾಡೂಕೆ ಹೋಗ್ಬೇಡಿ ಅಂದ್ರು" ಎಂದಷ್ಟೇ ಹೇಳಿದರು.

ಅದಾಗಿ ಕೆಲವು ದಿನಕ್ಕೆ ಒಂದು ಸಂಜೆ ಟೈಲರು ನಮ್ಮ ಅಡುಗೆಮನೆಯ ಬಾಗಿಲಿಗೇ ಬಂದು ನಿಂತರು. ಮುಖ ಬೆಳಗುತ್ತಿತ್ತು. "ಕಾಣ್ತದೆ ನರ್ಸಬಾಯಿ!" ಎಂದು ಪಿಸುಗುಟ್ಟಿದರು.

ಬೆಳಗಿನ ಪರೀಕ್ಷೆಯಲ್ಲಿ ಅಕ್ಕ ಎಂದಿನಂತೆ ಮಸುಕು ಎಂದಿದ್ದರು. ಟೈಲರು ಒಂದು ಕೈಯಲ್ಲಿ ಅಕ್ಕನ ಒಳ್ಳೆಯ ಕಣ್ಣು ಮುಚ್ಚಿಕೊಂಡೇ ಇನ್ನೊಂದು ಕೈಯಿಂದ ಮಡಿಲಲ್ಲಿದ್ದ ಬಿಳಿ ಅಂಗಿಗೆ ಸೂಜಿ ಚುಚ್ಚಿದರು. ತಕ್ಷಣ ಅಕ್ಕ, "ಹ್ವಾಯ್! ಬಿಳಿ ಅಂಗಿಗೆ ಕೆಂಪು ದಾರ ಹಾಕ್ತ್ರಲ್ಲ, ಕಣ್ಣು ಕಾಣೂದಿಲ್ವಾ ನಿಮಗೆ?" ಎಂದು ಕೂಗಿದರಂತೆ. ಕೂಗಿ ಸಿಕ್ಕಿಬಿದ್ದದ್ದು ಅಕ್ಕನಿಗೆ ಅರಿವಾಗಲಿಲ್ಲವಂತೆ. ಟೈಲರು ಏನೂ ತಿಳಿಯದವರಂತೆ ದಾರ ಬದಲಿಸಿದರು.

"ಹಾಗಾದ್ರೆ ಕಾಜಾ ಅಕ್ಕನಿಗೇ ವಾಪಸ್ ಕೊಡಿ. ಊರು ಉಳೀಲಿ" ಎಂದೆ.

"ಬ್ಯಾಡ. ಮದುವೆಯಾಗಿ ಬಂದ್ಮೇಲೆ ಅವಳು ತಲೆ ಎತ್ತಿದ್ದೇ ಇಲ್ಲ ನರ್ಸಬಾಯಿ, ಬರೀ ಸೂಜಿ ಮೊನೆ ನೋಡಿದ್ದು. ಈಗ ಮಧ್ಯಾಹ್ನ ಹೊರಗೆ ಕೂತು ರಸ್ತೆ ನೋಡ್ತಳೆ, ಬಂದರಿಗೆ ಹೋಗೂ ಗಾಡಿ ನೋಡ್ತಳೆ. ನೋಡ್ಲಿ. ನಾ ಕಳೀಲಿಕ್ಕೆ ಹೊರಟ ಕಣ್ಣು ಅದು. ನಂಗೆ ಗೊತ್ತಾದ್ದು ಅವಳಿಗೆ ಹೇಳೂಕೆ ಹೋಗ್ಬೇಡಿ."

ಹೇಳಲಿಲ್ಲ. ಕಾಜಾ ಮಾಡುವುದನ್ನು ಟೈಲರು ಕೊನೆಯವರೆಗೂ ಬಿಡಲಿಲ್ಲ, ಸುಧಾರಿಸಲೂ ಇಲ್ಲ.

ಹೋದ ಮಳೆಗಾಲದ ಆರಂಭದಲ್ಲಿ, ಶಾಲೆಯ ಯೂನಿಫಾರ್ಮುಗಳ ಗಡಿಬಿಡಿ ಮುಗಿದ ವಾರ, ಊಟ ಮಾಡಿ ಮಲಗಿದವರು ಏಳಲಿಲ್ಲ. ಮನೆಯವರು ಟೇಪನ್ನೂ ಜೊತೆಗೆ ಕಳಿಸೋಣವೆಂದರೆ ಅಕ್ಕ ಬೇಡವೆಂದರು. "ಅಲ್ಲೂ ಹೋಗಿ ಯಾರದ್ದಾದ್ರೂ ಭುಜ ನೋಡ್ತ್ರು" ಎಂದರು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಅಕ್ಕ ಅಂಗಡಿ ತೆರೆದರು. ಅರ್ಧಕ್ಕೆ ನಿಂತ ಬಟ್ಟೆಗಳಲ್ಲಿ ನಮ್ಮ ಯಜಮಾನರ ಅಂಗಿಯೂ ಒಂದಿತ್ತು. ಕೇಳಲು ಹೋದಾಗ ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕಾಜಾ ಎಲ್ಲ ಟೈಲರು ಮಾಡಿ ಮುಗಿಸಿದ್ದರು. ಮೂರನೆಯದು ಸೊಟ್ಟಗೆ ಬಾಯಿ ಬಿಟ್ಟುಕೊಂಡಿತ್ತು. ಅಕ್ಕ ಒಂದೇ ಸಲಕ್ಕೆ ಸೂಜಿಗೆ ದಾರ ಹಾಕಿದರು. ಕತ್ತರಿ ಕೈಗೆತ್ತಿಕೊಂಡವರು ಹಾಗೇ ತಡೆದು ಅಳತೊಡಗಿದರು.

"ನಾ ಅವ್ರಿಗೆ ಮೋಸ ಮಾಡಿದೆ ಸಿಸ್ಟರ್. ನಂಗೆ ಕಣ್ಣು ಸಮ ಕಾಣೂಕೆ ಶುರುವಾಗಿ ಯಾವ ಕಾಲ ಆತು. ಹೊರಗೆ ಕೂತು ರಸ್ತೆ ನೋಡೂದು ಎಷ್ಟು ಲಾಯ್ಕ ಅನಿಸ್ತಿತ್ತು ಅಂದ್ರೆ, ನಾಳೆ ಹೇಳ್ತೆ, ನಾಡ್ದು ಹೇಳ್ತೆ ಅಂತ ಮಸುಕು ಮಸುಕು ಅಂತ್ಲೇ ಇದ್ದೆ. ಹತ್ತಿರದ್ದು ಕಾಣದ ಮನುಷ್ಯ ಬೆರಳೆಲ್ಲ ಚುಚ್ಕೊಂಡು ಕಾಜಾ ಮಾಡಿದ್ರು. ಕಡೆತನಕ ಅವ್ರಿಗೆ ಗೊತ್ತೇ ಆಗ್ಲಿಲ್ಲ."

ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂದು ಒಂದು ಕ್ಷಣ ಅನಿಸಿತು. ಆದರೆ ಈ ಅಳುವಿನ ಮುಂದೆ ಆ ಮಾತು ಯಾವ ಲೆಕ್ಕ? ಕೆಂಪು ದಾರದ ವಿಷಯ, ಅಡುಗೆಮನೆಯ ಬಾಗಿಲಲ್ಲಿ ಟೈಲರು ಹೇಳಿದ್ದು, ಎಲ್ಲವನ್ನೂ ಹೇಳಿಬಿಟ್ಟೆ.

ಅಕ್ಕ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟರು. ಸೆರಗಿನಿಂದ ಎರಡೂ ಕಣ್ಣು ಒರೆಸಿಕೊಂಡರು. ಮೂರನೆಯ ಕಾಜಾವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎಲ್ಲ ಗೊತ್ತಿದ್ದೂ ಇಷ್ಟು ಕೆಟ್ಟದಾಗಿ ಮಾಡ್ತಿದ್ರಾ?" ಎಂದರು. ಹೇಳಿದವರೇ ನಕ್ಕುಬಿಟ್ಟರು. ನಾನೂ ನಕ್ಕೆ. ಇಬ್ಬರಿಗೂ ನಗು ಯಾವುದು ಅಳು ಯಾವುದು ತಿಳಿಯಲಿಲ್ಲ.

ಅಕ್ಕ ಕತ್ತರಿ ಕೆಳಗಿಟ್ಟು, ಕಾಜಾ ಬಿಚ್ಚದೆ, ಗುಂಡಿಗಳನ್ನಷ್ಟೇ ಹಚ್ಚಿ ಅಂಗಿಯನ್ನು ಮಡಚಿ ಕೊಟ್ಟರು. "ಇದೊಂದು ಹೀಂಗೇ ಇರ್ಲಿ. ನಿಮ್ಮ ಯಜಮಾನರಿಗೆ ಎಂತಾದ್ರೂ ಹೇಳಿ" ಎಂದರು. ನಾನು ಏನೂ ಹೇಳಿಲ್ಲ. ಆ ಅಂಗಿ ಹಾಕಿದ ದಿನ ಅವರ ಮೂರನೆಯ ಗುಂಡಿ ಊಟದ ಹೊತ್ತಿಗೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಅವರು ಟೈಲರನ್ನು ಬೈಯುತ್ತಾರೆ, ನಾನು ಎದ್ದು ಹೋಗಿ ಹಾಕಿ ಬರುತ್ತೇನೆ.